ಚಪ್ಪಲಿ ಕೊಡಂಗಿಲ್ಲ

ಊರಲ್ಲಿ ಯಾರಿಗಾದರೂ ಮೂರ್ಛೆ ಬಂತೆಂದರೆ ಜನ ಡಾಕ್ಟರ ಹತ್ತಿರ ಓಡುತ್ತಿರಲಿಲ್ಲ. ಸಮಗಾರ ಕೇರಿಯ ಸುಂದ್ರವ್ವನ ಮನೆಗೆ ಓಡುತ್ತಿದ್ದರು. ಔಷಧಕ್ಕಲ್ಲ, ಚಪ್ಪಲಿಗೆ.

ಅಥಣಿ ತಾಲೂಕಿನ ಊರು ಅದು. ಹೆಸರು ಬೇಡ. ಹೆಸರು ಹೇಳಿದರೆ ಊರಿನವರು ಜಗಳಕ್ಕೆ ಬರುತ್ತಾರೆ, ಅಕ್ಕಪಕ್ಕದ ಊರಿನವರು ತಮ್ಮಲ್ಲಿ ಹೀಗಿರಲಿಲ್ಲ ಅಂತ ಮೀಸೆ ತಿರುವುತ್ತಾರೆ. ಎಲ್ಲ ಕಡೆಯೂ ಹೀಗೇ ಇತ್ತು. ಬಿದ್ದವರ ಮೂಗಿಗೆ ಚಪ್ಪಲಿ ಹಿಡಿದರೆ ಎಚ್ಚರಾಗುತ್ತದೆ ಅನ್ನುವುದು ಸೀಮೆಯ ನಂಬಿಕೆ. ಈ ಊರಿನವರದು ಒಂದು ಗೇಣು ಹೆಚ್ಚು, ಅಷ್ಟೇ. ಅಂಗಡಿಯ ರಬ್ಬರ್ ಚಪ್ಪಲಿ ನಡೆಯುವುದಿಲ್ಲ. ಸ್ವಂತ ಕಾಲಿನದೂ ನಡೆಯುವುದಿಲ್ಲ. ಸಮಗಾರರ ಮನೆಯದೇ ಆಗಬೇಕು, ಅದನ್ನು ಸಮಗಾರರೇ ಮೆಟ್ಟಿರಬೇಕು.

ಊರಿಗೆ ಕಾಣದ ಹಿಂದಿನ ದಾರಿಯಿಂದ ಬಂದವರು ಕೇರಿಯೊಳಗೆ ಕಾಲಿಡುತ್ತಿರಲಿಲ್ಲ. ಕಳ್ಳಿಬೇಲಿಯ ಆಚೆ ನಿಂತು, "ಸುಂದ್ರವ್ವಾ, ಒಂದು ಚಪ್ಪಲಿ ಒಗೀ!" ಅಂತ ಕೂಗುತ್ತಿದ್ದರು. ಅವಳು ಒಗೆಯುತ್ತಿದ್ದಳು. ಅವರು ಎರಡು ಕಡ್ಡಿಯಲ್ಲಿ ಅದನ್ನು ಎತ್ತಿಕೊಂಡು ಓಡುತ್ತಿದ್ದರು. ಸಮಗಾರರ ಚಪ್ಪಲಿ ಮೂಗಿಗೆ ಹಿಡಿಯಬಹುದು, ಕೈಯಲ್ಲಿ ಹಿಡಿಯಬಾರದು. ಈ ಶಾಸ್ತ್ರ ಬರೆದವನು ಸಿಕ್ಕರೆ ಸುಂದ್ರವ್ವ ಅವನ ಮೂಗನ್ನೂ ಒಂದು ಸಲ ನೋಡುವವಳಿದ್ದಳು.

ಹೋದ ಚಪ್ಪಲಿ ವಾಪಸು ಬರುತ್ತಿರಲಿಲ್ಲ. ಹಾಗಾಗಿ ಅವರ ಮನೆಯ ತುಂಬ ಒಂಟಿ ಚಪ್ಪಲಿಗಳು. ಗಂಡ ಭರಮು ಎಡಗಾಲಿಗೊಂದು ಜಾತಿಯದು, ಬಲಗಾಲಿಗೊಂದು ಜಾತಿಯದು ಹಾಕಿಕೊಂಡು ತಿರುಗುತ್ತಿದ್ದ. ಅವನು ಮಾಡಿದ ಜೋಡುಗಳು ಕೊಲ್ಹಾಪುರ, ಪುಣೆಗೆ ಹೋಗಿ ದೊಡ್ಡವರ ಕಾಲು ಸೇರುತ್ತಿದ್ದವು. "ನನ್ನ ಎಡಗಾಲು ಬಲಗಾಲಿನ ಗುರ್ತು ಹಿಡಿಯಂಗಿಲ್ಲ ನೋಡು" ಅಂತ ಅವನು ನಗುತ್ತಿದ್ದ. ನಗುವುದನ್ನು ಬಿಟ್ಟರೆ ಯಾರಿಗೂ ಎದುರಾಡಿದ ಮನುಷ್ಯನಲ್ಲ.

ಭರಮು ತಳದ ಅಟ್ಟೆ ಕತ್ತರಿಸುತ್ತಿದ್ದ. ಸುಂದ್ರವ್ವ ಮೇಲಿನ ಪಟ್ಟಿಗೆ ಚರ್ಮದ ಎಳೆ ಹೆಣೆಯುತ್ತಿದ್ದಳು. ಬೆಳಿಗ್ಗೆ ಕೂತರೆ ಸಂಜೆಯವರೆಗೆ. ಬೆನ್ನು ಬಾಗಿ, ಹೆಬ್ಬೆರಳಿನ ಉಗುರು ಸವೆದು, ಬೆರಳ ತುದಿಯಲ್ಲಿ ಚರ್ಮಕ್ಕೆ ತೂತು ಹಾಕುವ ಆರಿ ಚುಚ್ಚಿದ ಗುರುತುಗಳು. ಆದರೂ ಬಾಯಿ ಮಾತ್ರ ದಣಿಯುತ್ತಿರಲಿಲ್ಲ. ಕೇರಿಯಲ್ಲಿ ನಗು ಕೇಳಿದರೆ ಅದು ಸುಂದ್ರವ್ವನದೇ ಅನ್ನುವಷ್ಟು ದೊಡ್ಡ ಗಂಟಲು.

ಅವಳ ಒಬ್ಬಳೇ ಮಗಳು ಅಕ್ಕುತಾಯಿಗೂ ಫಿಟ್ಸ್ ಇತ್ತು. ಹದಿನೈದು ವರ್ಷದ ಹುಡುಗಿ. ವಾರಕ್ಕೆ ಎರಡು ಸಲ, ಮೂರು ಸಲ ಬೀಳುತ್ತಿದ್ದಳು. ಎರಡು ವರ್ಷದ ಹಿಂದೆ ಚರ್ಮ ನೆನೆಹಾಕುವ ಸುಣ್ಣದ ಗುಂಡಿಯ ಮೇಲೆಯೇ ಬಿದ್ದಳು. ಬಲಗೈ ಮೊಳಕೈವರೆಗೆ ಸುಟ್ಟಿತು. ಏಳನೆಯ ಇಯತ್ತೆ ಪಾಸಾಗಿದ್ದವಳನ್ನು ಮಾಸ್ತರರು ಎಂಟಕ್ಕೆ ಸೇರಿಸಿಕೊಳ್ಳಲಿಲ್ಲ. "ಬಾಕಿ ಹುಡುಗ್ರು ಅಂಜತಾವ" ಅಂದರು.

ಚಪ್ಪಲಿಯ ವಾಸನೆಗೆ ಮೂರ್ಛೆ ಓಡುವುದೇ ಆಗಿದ್ದರೆ, ಚರ್ಮದ ರಾಶಿಯ ನಡುವೆಯೇ ಹುಟ್ಟಿ ಬೆಳೆದ ಅಕ್ಕುತಾಯಿಯ ಹತ್ತಿರ ಅದು ಸುಳಿಯಲೇ ಬಾರದಿತ್ತು. ಇದು ಸುಂದ್ರವ್ವನಿಗೆ ಯಾವತ್ತೋ ತಿಳಿದಿತ್ತು. ಮಗಳು ಬಿದ್ದಾಗ ಅವಳು ಚಪ್ಪಲಿ ಹುಡುಕುತ್ತಿರಲಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಒರೆಸಿ, ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಇನ್ನೂರು ಮುಟ್ಟುವುದರೊಳಗೆ ಹುಡುಗಿ ಸುಮ್ಮನಾಗುತ್ತಿದ್ದಳು. ಊರಿನವರಿಗೆ ಇದನ್ನು ಹೇಳಲಿಲ್ಲವೇ ಅಂದರೆ, ಬೇಲಿಯಾಚೆ ನಿಂತವರು ಚಪ್ಪಲಿ ಕೇಳುತ್ತಿದ್ದರು, ಮಾತು ಕೇಳುತ್ತಿರಲಿಲ್ಲ.

ತೊಂಬತ್ತೊಂದನೆಯ ಇಸವಿ, ಕಬ್ಬಿನ ಹಂಗಾಮು ಮುಗಿದ ಹೊತ್ತು. ಊರಲ್ಲಿ ಡಂಗುರ ಹೊಡೆಸಿದರು. ಮೂರ್ಛೆರೋಗದ ಸಂಶೋಧನೆಗೆ ದೊಡ್ಡ ದವಾಖಾನೆಯಿಂದ ಡಾಕ್ಟರರು ಬರುತ್ತಾರೆ. ತಲೆಗೆ ವೈರು ಹಚ್ಚಿ ಮಷಿನ್‌ನಲ್ಲಿ ನೋಡುತ್ತಾರೆ. ರೋಗ ಇದ್ದವರಿಗೆ ಎರಡು ವರ್ಷ ಪುಕ್ಕಟೆ ಗುಳಿಗೆ. ಯಾವ ಗುಳಿಗೆಗೆ ಯಾರ ಫಿಟ್ಸ್ ಎಷ್ಟು ಕಡಿಮೆಯಾಯಿತು ಅಂತ ತಿಂಗಳು ತಿಂಗಳು ಬರೆದುಕೊಳ್ಳುತ್ತಾರೆ. ಬರುವವರು ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬರಬೇಕು. ಜಾಗ: ಊರ ಜಮೀನುದಾರರಾದ ಪಾಟೀಲರ ವಾಡೆ.

ಎಲ್ಲ ಸರಿ, ಜಾಗ ಒಂದು ಬಿಟ್ಟು. ಬಾಪುಸಾಹೇಬ ಪಾಟೀಲರ ಪಡಸಾಲೆ ಏರಿದ ಸಮಗಾರ ಆವರೆಗೆ ಹುಟ್ಟಿರಲಿಲ್ಲ.

ಆದರೂ ಸುಂದ್ರವ್ವ ಮಗಳ ತಲೆಗೆ ಸೀಗೆಕಾಯಿ ಹಾಕಿ ತಿಕ್ಕಿದಳು. ಒಗೆದ ಲಂಗ ಉಡಿಸಿದಳು. ವಾಡೆಯ ಮುಂದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಹೋದರೆ, ವಾಡೆಯ ಆಳು ಸತ್ತೆಪ್ಪ ಕೈ ಅಡ್ಡ ಹಿಡಿದ.

"ಬೇವಿನ ಗಿಡದ ಕೆಳಗ ಕುಂದರ್ರಿ. ಡಾಕ್ಟರ್ರು ಕರೀತಾರ."

ಕರೆಯಲಿಲ್ಲ. ಮೊದಲ ದಿನ ಸಂಜೆಯವರೆಗೆ ಕೂತರು. ಎರಡನೆಯ ದಿನ ಮತ್ತೆ ತಲೆ ತೊಳೆದು ಬಂದು ಕೂತರು. ಮಧ್ಯಾಹ್ನ ನೆರಳು ಸರಿದು ಬಿಸಿಲು ನೆತ್ತಿಗೆ ಬಂದಾಗ ಅಕ್ಕುತಾಯಿ ಕೂತಲ್ಲೇ ಬಿದ್ದಳು. ಮೈ ಸೆಟೆಯಿತು. ಕೈಕಾಲು ಬಡಿದುಕೊಂಡವು. ಪಡಸಾಲೆಗೂ ಗಿಡಕ್ಕೂ ಇಪ್ಪತ್ತು ಹೆಜ್ಜೆ. ಮೇಲೆ ಮೂರ್ಛೆಯ ಡಾಕ್ಟರರು, ಮೂರ್ಛೆಯ ಮಷಿನು. ಕೆಳಗೆ ಮೂರ್ಛೆ ಬಿದ್ದ ಹುಡುಗಿ.

ಡಾಕ್ಟರ್ ಜ್ಞಾನದೇವ ನಿಪ್ಪಾಣಿ ಕಡೆಯ ಹುಡುಗ, ಇನ್ನೂ ಮೂವತ್ತು ದಾಟಿರಲಿಲ್ಲ. ಕುರ್ಚಿ ಬಿಟ್ಟು ಎದ್ದ. ಎರಡು ಹೆಜ್ಜೆ ಇಟ್ಟ.

"ಉಪವಾಸಕ್ಕ ಬಿದ್ದಾಳ್ರಿ, ಕೂಲಿ ಮಂದಿ," ಅಂದರು ಬಾಪುಸಾಹೇಬರು. "ಆ ಕೇರ್ಯಾಗ ಈ ಜಡ್ಡು ಯಾರಿಗೂ ಇಲ್ರಿ. ನೀವು ಕುಂದರ್ರಿ."

ಡಾಕ್ಟರ ಕೂತ. ಸುಂದ್ರವ್ವ ಇನ್ನೂರರವರೆಗೆ ಎಣಿಸುತ್ತ ಅದನ್ನೂ ನೋಡಿದಳು.

ಬಾಪುಸಾಹೇಬರು ಹೀಗೆ ಅಂದದ್ದಕ್ಕೆ ಅವಳಿಗೆ ಸಿಟ್ಟಿಗಿಂತ ಮೊದಲು ಆಶ್ಚರ್ಯವಾಯಿತು. ಯಾಕೆಂದರೆ ಒಂಬತ್ತು ದಿನದ ಹಿಂದೆ ಇದೇ ಸತ್ತೆಪ್ಪ ವಾಡೆಗೆ ಚಪ್ಪಲಿ ಒಯ್ದಿದ್ದ. ಹನ್ನೊಂದು ವರ್ಷದಿಂದ ಒಯ್ಯುತ್ತಿದ್ದ. ಬೀಳುತ್ತಿದ್ದವರು ಬೇರೆ ಯಾರೂ ಅಲ್ಲ, ಖುದ್ದು ಬಾಪುಸಾಹೇಬರು. ಅದು ಅವರ ಹೆಂಡತಿ ಸೋನಾಬಾಯಿಗೆ ಗೊತ್ತು, ಸತ್ತೆಪ್ಪನಿಗೆ ಗೊತ್ತು, ಸುಂದ್ರವ್ವನಿಗೆ ಗೊತ್ತು. ಊರಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಮಷಿನ್ ಜೀಪಿಗೆ ಹೇರುತ್ತಿದ್ದರು. ಸುಂದ್ರವ್ವ ಜೀಪಿನ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ನಮ್ಮ ಹುಡುಗೀದು ಉಳೀತಲ್ರಿ?"

ಉತ್ತರ ಕೊಟ್ಟದ್ದು ಬಾಪುಸಾಹೇಬರು. "ಆ ವೈರು ನಿಮ್ಮ ತಲೀಗೆ ಹಚ್ಚಿ, ಮತ್ತ ಅದನ್ನ ತಂದು ಊರಾನ ಹೆಣ್ಮಕ್ಕಳ ತಲೀಗೆ ಹಚ್ಚೂದೇನು? ಖಬರ ಐತಿಲ್ಲೋ ನಿನಗ?"

ಡಾಕ್ಟರ ನೆಲ ನೋಡಿದ. "ಮುಂದಿನ ತಿಂಗಳ ನೋಡೂಣು, ಮಾವಶಿ," ಅಂದ, ಸ್ವಂತ ಚಿಕ್ಕಮ್ಮನನ್ನು ಕರೆದಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮಾತು. ಜೀಪು ಧೂಳೆಬ್ಬಿಸಿ ಹೋಯಿತು.

ಅಂದು ಸುಂದ್ರವ್ವ ಅಟ್ಟೆಯ ಮೇಲೆ ಕಲ್ಲು ಹಾಕಿ ಕುಟ್ಟಿದ ಸದ್ದು ಇಡೀ ಕೇರಿಗೆ ಕೇಳಿಸಿತು.

ಮುಂದಿನ ತಿಂಗಳು ಡಾಕ್ಟರ ಬಂದದ್ದು ನಿಜ. ಬಂದದ್ದು ಚಪ್ಪಲಿ ಕೊಳ್ಳಲು. ಅಥಣಿ ಸೀಮೆಗೆ ಬಂದವರು ಒಂದು ಜೋಡು ಕೊಳ್ಳದೆ ಹೋಗುತ್ತಾರೆಯೇ. ಯಾರೋ ಭರಮುವಿನ ಹೆಸರು ಹೇಳಿದ್ದರು. ಬಂದಮೇಲೆಯೇ ಅವನಿಗೆ ಗೊತ್ತಾದದ್ದು ಇದು ಯಾರ ಮನೆ ಅಂತ. ಮುಖ ಸಣ್ಣದಾಯಿತು. ತಿರುಗಿ ಹೋಗುವಂತೆಯೂ ಇಲ್ಲ, ಭರಮು ಆಗಲೇ ಅವನ ಪಾದವನ್ನು ಕಾಗದದ ಮೇಲೆ ಇರಿಸಿ ಸುತ್ತ ಗೆರೆ ಎಳೆಯುತ್ತಿದ್ದ.

ಮಾತಿಗೆ ಮಾತು ಬೇಕಲ್ಲ ಅಂತ ಡಾಕ್ಟರ ತನ್ನ ಸಂಕಟ ತೋಡಿಕೊಂಡ. "ಮಾವಶಿ, ನಿಮ್ಮೂರಾಗ ನಾಕು ಸಾವಿರ ಮಂದಿ. ಲೆಕ್ಕದ ಪ್ರಕಾರ ಇಪ್ಪತ್ತು ಮಂದಿಗೆ ಈ ಜಡ್ಡು ಇರಬೇಕು. ನಮಗ ಸಿಕ್ಕಾವ್ರು ಮೂರು. ಮೂರಕ್ಕ ಸಂಶೋಧನಾ ನಡ್ಯಂಗಿಲ್ಲ. ಈ ಊರು ಬಿಟ್ಟಬಿಡ್ರಿ ಅಂತ ನಮ್ಮ ದೊಡ್ಡ ಡಾಕ್ಟರ್ರು ಹೇಳ್ಯಾರ."

"ಎಷ್ಟು ಅಂದ್ರಿ?"

"ಮೂರು."

ಸುಂದ್ರವ್ವನ ಕೈಯಿಂದ ಆರಿ ಜಾರಿತು. ನಗು ಹೊಟ್ಟೆಯಿಂದ ಎದ್ದು ಬಂತು. ಕೂತಲ್ಲೇ ತೊಡೆ ಬಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡು ಮತ್ತೆ ನಕ್ಕಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು.

"ಮೂರಂತ ನೋಡ ಭರಮೂ! ಈ ವರ್ಷ ಬ್ಯಾಸಗಿ ಒಂದರಾಗ ನನ್ನ ಚಪ್ಪಲಿ ಒಯ್ದ ಮನಿ ಎಷ್ಟು?"

"ಹದಿನಾಕು," ಅಂದ ಭರಮು, ಪೆನ್ಸಿಲ್ ಎತ್ತದೆ.

ಡಾಕ್ಟರನಿಗೆ ಮೊದಲು ತಿಳಿಯಲಿಲ್ಲ. ಚಪ್ಪಲಿಯ ಕತೆ ಪೂರ್ತಿ ಕೇಳಿದ ಮೇಲೆ ಎದ್ದು ನಿಂತುಬಿಟ್ಟ, ಒಂದು ಕಾಲು ಕಾಗದದ ಮೇಲೆ ಇರುವಾಗಲೇ. ಊರಿನ ಹೆಣ್ಣುಮಕ್ಕಳ ಲಗ್ನ ನಿಲ್ಲುತ್ತದೆ, ಗಂಡಸರ ಮಾನ ಹೋಗುತ್ತದೆ ಅಂತ ಮನೆಮನೆಯಲ್ಲೂ ಮುಚ್ಚಿಟ್ಟದ್ದು ಈ ಒಂದು ಮನೆಗೆ ಮಾತ್ರ ಗೊತ್ತಿತ್ತು.

"ಒಟ್ಟು ಎಷ್ಟು ಮನಿ, ಮಾವಶಿ?"

"ಇಪ್ಪತ್ತೆರಡು. ನಮ್ಮದು ಬಿಟ್ಟು."

"ಹೆಸರು ಹೇಳ್ರಿ. ನಾ ಬರಕೋತೇನಿ." ಜೇಬಿನಿಂದ ಪೆನ್ನು ತೆಗೆದೇಬಿಟ್ಟ.

ಸುಂದ್ರವ್ವನ ನಗು ನಿಂತಿತು.

"ಹೇಳಂಗಿಲ್ಲ."

"ಯಾಕ್ರಿ?"

"ಅವ್ರು ನನ್ನ ಪಡಸಾಲಿ ಹತ್ತಸಲಿಲ್ಲ ಖರೆ. ಆದ್ರ ಅವರ ಮನ್ಯಾನ ಹುಡುಗ್ಯಾರು ನನ್ನ ಅಕ್ಕುನ ವಾರಿಗಿಯವ್ರು. ನಾ ಬಾಯಿ ಬಿಟ್ರ ಹೊತ್ತು ಮುಳುಗೂದ್ರಾಗ ನಾಕು ಲಗ್ನ ಮುರೀತಾವ. ನಾ ಹಂಥಾ ಕೆಲಸ ಮಾಡಂಗಿಲ್ರಿ." ಆರಿ ಎತ್ತಿಕೊಂಡು ಅದನ್ನೇ ಅವನ ಕಡೆ ತೋರಿಸಿದಳು. "ಅವತ್ತ ಬೇವಿನ ಗಿಡದ ಕೆಳಗ ಬಿದ್ದಾಕಿ ಈ ನನ್ನ ಮಗಳು. ನೀವು ಎದ್ರಿ. ಮತ್ತ ಕುಂತ್ರಿ. ನಾ ನೋಡೇನಿ."

ಡಾಕ್ಟರ ಪೆನ್ನು ಜೇಬಿಗೆ ಸೇರಿಸಿದ. ಒಳಗಿನಿಂದ ಅಕ್ಕುತಾಯಿ ತಂದ ನೀರಿನ ತಂಬಿಗೆ ಕೈಯಲ್ಲಿ ಹಿಡಿದು ನಿಂತ. ಅವಳ ಸುಟ್ಟ ಕೈ ನೋಡಿದ. ನೀರು ಕುಡಿದ.

"ತಪ್ಪಾತು," ಅಂದ. "ಈಗ ಏನ ಮಾಡಲಿ?"

"ನಿಮ್ಮ ಮಷಿನ್ನು ಇಲ್ಲೆ ತರ್ರಿ. ನಮ್ಮ ಕೇರ್ಯಾಗ ಚಪ್ಪಲಿ ಸೊಸೈಟಿ ಶೆಡ್ಡೈತಿ, ಕರೆಂಟ್ ಐತಿ. ಮೊದಲ ತಲಿ ನಮ್ಮ ಅಕ್ಕುಂದು. ಅದೇ ವೈರು ಎಲ್ಲಾರಿಗೂ. ಪಾಳಿ ಹಚ್ಚಬೇಕು."

"ಊರವ್ರು ಇಲ್ಲಿಗೆ ಬರತಾರ?"

"ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ್ರಿ? ಜಡ್ಡು ಬಂದಾಗೊಮ್ಮೆ ಇಲ್ಲಿಗೇ ಬಂದಾರ. ನಾ ಇವತ್ತಿನಿಂದ ಚಪ್ಪಲಿ ಕೊಡೂದು ಬಂದ್ ಮಾಡತೇನಿ. ಆಮ್ಯಾಲ ನೋಡ್ರಿ."

ಬರುವ ಸೋಮವಾರ ಅಂತ ಮಾತಾಯಿತು. ಅವನು ಹೋದ ಮೇಲೆ ಭರಮು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ, "ಖರೇನ ಕೊಡಂಗಿಲ್ಲೇನ?"

ಗುರುವಾರ ಮುಂಜಾನೆ ಸತ್ತೆಪ್ಪ ಓಡಿ ಬಂದ. ಬೇಲಿಯಾಚೆ ನಿಂತು ಏದುಸಿರು ಬಿಡುತ್ತ ಕೂಗಿದ.

"ಸುಂದ್ರವ್ವಾ, ಚಪ್ಪಲಿ ಒಗೀ! ಲಗೂನ!"

ಸುಂದ್ರವ್ವ ಹೆಣೆಯುತ್ತಿದ್ದ ಪಟ್ಟಿಯನ್ನು ಮಡಿಲಲ್ಲಿ ಇಟ್ಟಳು. "ಕೊಡಂಗಿಲ್ಲ."

ಸತ್ತೆಪ್ಪ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನುವಂತೆ ನಿಂತ. ಕೇರಿಯಲ್ಲಿ ಇಂಥ ಮಾತನ್ನು ಅವನು ಕೇಳಿರಲಿಲ್ಲ.

"ವಾಡೇದ್ದು ಬೇ! ಧಣ್ಯಾರು ಬಿದ್ದಾರ!"

"ವಾಡೇದ್ದಾದ್ರೂ ಅಷ್ಟ, ಗುಡಿಸಲದ್ದಾದ್ರೂ ಅಷ್ಟ. ಚಪ್ಪಲಿ ಕಾಲಿಗೆ ಮಾಡೇವಿ, ಮೂಗಿಗಲ್ಲ. ಇನ್ನ ಮ್ಯಾಲ ಕೊಡಂಗಿಲ್ಲ."

"ಸತ್ತಗಿತ್ತಾರು!"

"ಸಾಯಂಗಿಲ್ಲ. ಕಿವಿಗೊಟ್ಟು ಕೇಳು." ಅವಳು ಎದ್ದು ಬೇಲಿಯವರೆಗೆ ಬಂದಳು. "ಒಂದ ಮಗ್ಗಲಕ್ಕ ಹೊಳ್ಳಸ್ರಿ. ಬಾಯಾಗ ಏನೂ ತುರಕಬ್ಯಾಡ್ರಿ. ಕೈಕಾಲು ಹಿಡಿದು ಒತ್ತಬ್ಯಾಡ್ರಿ. ಮಗ್ಗಲಕ್ಕ ಕುಂತು ಎಣಸ್ರಿ. ಇನ್ನೂರು ಆಗೂದ್ರಾಗ ನಿಂದರತೈತಿ. ಮೂರನೂರು ದಾಟಿದ್ರೂ ನಿಂದರದಿದ್ರ ಗಾಡಿ ಹೂಡಿ ಅಥಣಿ ದವಾಖಾನಿಗೆ ಒಯ್ಯಿರಿ. ಹೋಗು, ಓಡು."

"ಪಾಟೀಲ್ರು ನಿಮ್ಮನ್ನ ಈ ಊರಾಗ ಇಡತಾರೇನ?"

"ನಿನಗ ಎಣಸಾಕ ಬರತೈತಿಲ್ಲೋ ಅದನ್ನ ಹೇಳು."

ಸತ್ತೆಪ್ಪ ಬೈಯುತ್ತ ಓಡಿದ. ಕೇರಿಯವರು ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಇಷ್ಟು ವರ್ಷ ಒಗೆದ ಚಪ್ಪಲಿಗಳ ಭಾರ ಒಮ್ಮೆಲೇ ಇಳಿದಂತೆ ಆಗಿ ಸುಂದ್ರವ್ವನಿಗೆ ಕುಣಿಯಬೇಕು ಅನ್ನಿಸಿತು.

ಅಲ್ಲಿ ವಾಡೆಯಲ್ಲಿ ಸತ್ತೆಪ್ಪ ಬರಿಗೈಯಲ್ಲಿ ತಲುಪುವಷ್ಟರಲ್ಲಿ ಬಾಪುಸಾಹೇಬರು ಎದ್ದು ಕೂತಿದ್ದರು. ಚಪ್ಪಲಿ ಇಲ್ಲದೆ. ಸೋನಾಬಾಯಿ ಗಂಡನ ಮುಖ ನೋಡಿದಳು, ಸತ್ತೆಪ್ಪನ ಬರಿಗೈ ನೋಡಿದಳು. ಹನ್ನೊಂದು ವರ್ಷ ತಾವು ಮಾಡಿದ್ದೇನು ಅಂತ ಆ ಹೆಂಗಸಿಗೆ ಅರ್ಥವಾಗಿರಬೇಕು. ಆ ವಾರ ಇನ್ನೂ ಮೂರು ಮನೆಯವರು ಬೇಲಿಗೆ ಬಂದರು. ಮೂವರಿಗೂ ಅದೇ ಉತ್ತರ, ಅದೇ ಲೆಕ್ಕ. ಜೊತೆಗೆ ಒಂದು ಮಾತು ಹೆಚ್ಚಿಗೆ: "ಸೋಮವಾರ ಗುಳಿಗಿ ಕೊಡತಾರ ಇಲ್ಲೆ. ತಲೀಗೆ ಎಣ್ಣಿ ಹಚ್ಚಬ್ಯಾಡ್ರಿ." ಸೋಮವಾರದ ಗುಳಿಗೆಯ ಸುದ್ದಿ ಬಾಯಿಂದ ಬಾಯಿಗೆ ಊರೆಲ್ಲ ಹರಡಿತು.

ಬಾಪುಸಾಹೇಬರು ಸುಮ್ಮನೆ ಕೂಡುವವರಲ್ಲ. ಸಮಗಾರರ ಸಹಕಾರಿ ಸಂಘವಾದ ಚಪ್ಪಲಿ ಸೊಸೈಟಿಗೆ ಅವರೇ ಚೇರ್‌ಮನ್. ಹುಟ್ಟಿದಾರಭ್ಯ ಒಂದು ಹಸಿ ಚರ್ಮ ಮುಟ್ಟದ ಮನುಷ್ಯ ಚರ್ಮದ ಸೊಸೈಟಿಗೆ ಚೇರ್‌ಮನ್. ಸರಕಾರ ಕೇರಿಗೆ ಅಂತ ಕಟ್ಟಿಸಿದ ಶೆಡ್ಡಿನಲ್ಲಿ ಅವರ ಕಬ್ಬಿನ ಗೊಬ್ಬರದ ಚೀಲಗಳಿದ್ದವು. ಕೀಲಿಕೈ ಅವರ ಸೊಂಟದಲ್ಲಿ. ಭಾನುವಾರ ಸತ್ತೆಪ್ಪ ಬಂದು, ಶೆಡ್ಡು ತೆರೆಯುವುದಿಲ್ಲ, ಡಾಕ್ಟರರು ಬೇಕಾದರೆ ವಾಡೆಗೆ ಬರಲಿ ಅಂತ ಹೇಳಿ ಹೋದ.

ಕೇರಿಯವರು ಶೆಡ್ಡಿನ ಮುಂದೆ ಸೇರಿದರು. ಮಾತಿಗೆ ಮಾತು ಬೆಳೆಯಿತು. ತಹಶೀಲ್ದಾರರಿಗೆ ಅರ್ಜಿ ಕೊಡೋಣ ಅಂದರು ಕೆಲವರು. ಮುಂದಿನ ತಿಂಗಳು ನೋಡೋಣ ಅಂದರು ಇನ್ನು ಕೆಲವರು. ಆ ಮಾತು ಕೇಳಿದ್ದೇ ಭರಮು ಮನೆಗೆ ಹೋದ. ಅಟ್ಟೆ ಬಡಿಯುವ ಕಬ್ಬಿಣದ ಸುತ್ತಿಗೆ ತಂದ. ಕೀಲಿಯ ಮೇಲೆ ಎರಡು ಏಟು ಹಾಕಿದ. ಕೀಲಿ ಕೆಳಗೆ ಬಿತ್ತು.

"ಹಗರ ಕೀಲಿ," ಅಂದ. "ನಾ ಏನೋ ಗಟ್ಟಿ ಐತಿ ಅಂತ ತಿಳಕೊಂಡಿದ್ದೆ."

ಆಮೇಲೆ ನಡೆದದ್ದು ಹಬ್ಬ. ಹೆಂಗಸರು, ಗಂಡಸರು, ಮುದುಕರು ಗೊಬ್ಬರದ ಚೀಲ ಬೆನ್ನಿಗೆ ಏರಿಸಿಕೊಂಡರು. ಅರವತ್ತೆರಡು ಚೀಲ. ಒಂದೊಂದೂ ಐವತ್ತು ಕಿಲೋ. ಬೆವರು ಕಣ್ಣಿಗಿಳಿದು, ಬೆನ್ನು ಸುಲಿದು, ಗೊಬ್ಬರದ ಘಾಟಿಗೆ ಸೀನುತ್ತ, ಸೀನಿದವರನ್ನು ನಗುತ್ತ ಹೊತ್ತರು. ಬಿಸಾಡಲಿಲ್ಲ. ಬೇರೆಯವರ ಸಾಮಾನು ಬಿಸಾಡುವ ಮಂದಿ ಅಲ್ಲ ಅವರು. ಪಾಟೀಲರ ವಾಡೆಯ ಬಾಗಿಲಿಗೇ ಒಯ್ದು, ಬೇವಿನ ಗಿಡದ ಕೆಳಗೆ ಒಂದರ ಮೇಲೊಂದು ಒಪ್ಪವಾಗಿ ಒಟ್ಟಿ ಬಂದರು. ಸಂಜೆ ಶೆಡ್ಡು ಗುಡಿಸಿ, ಸಗಣಿ ನೀರು ಹೊಡೆದು, ಗೋಣಿತಟ್ಟು ಹಾಸಿದರು.

ಸೋಮವಾರ ಜೀಪು ನೇರ ಕೇರಿಗೆ ಬಂತು. ಮಷಿನು ಇಳಿಯಿತು. ರಜಿಸ್ಟರ್ ಬರೆಯುವ ಮನುಷ್ಯನಿಗೆ ಜ್ವರ ಅಂತ ಅವನು ಬಂದಿರಲಿಲ್ಲ.

"ಬರಿಯಾಕ ಯಾರಿಗೆ ಬರತೈತಿ?" ಅಂತ ಡಾಕ್ಟರ ಕೇಳಿದ.

"ಏಳನೇತ್ತ ಪಾಸಾದಾಕಿ ಅದಾಳ್ರಿ," ಅಂದಳು ಸುಂದ್ರವ್ವ, ಎದೆ ಸೆಟೆಸಿ.

ಮೊದಲ ನಂಬರು ಅಕ್ಕುತಾಯಿಯದೇ. ಹಲಗೆಯ ಮೇಲೆ ಮಲಗಿಸಿ, ತಲೆಗೆ ಬಿಳಿ ಮುಲಾಮು ಹಚ್ಚಿ ವೈರುಗಳನ್ನು ಅಂಟಿಸಿದರು. ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತ ಎಂಟು ಪೆನ್ನುಗಳು ಒಟ್ಟಿಗೆ ಗೀಚತೊಡಗಿದವು. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಹುಡುಗಿ ಗಣಿತದಲ್ಲಿ ಮಾತ್ರ ಯಾಕೆ ಕಡಿಮೆ ಅಂತ ಭರಮು ಬೆರಗಾದ. ಗುಳಿಗೆ ಕೊಡುವ ಮೊದಲು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಕೇಳಿದಾಗ ಸುಂದ್ರವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಓದಿ ಹೇಳ್ರಿ ಮೊದಲ. ಸುಳ್ಳ ಗುಳಿಗಿ ಕೊಡಂಗಿಲ್ಲಲಾ?"

"ಇಲ್ಲ ಮಾವಶಿ. ಎರಡು ನಮೂನಿ ಗುಳಿಗಿ, ಎರಡೂ ಖರೆ. ಯಾವುದು ಮೇಲು ಅಂತ ನೋಡೂದು."

"ಎರಡು ವರ್ಷ ಆದಮ್ಯಾಲ?"

ಡಾಕ್ಟರ ಯೋಚಿಸಿದ. ಸರಕಾರಿ ದವಾಖಾನೆಯಿಂದ ಇದೇ ಗುಳಿಗೆ ಕೊಡಿಸುವುದು ನನ್ನ ಜಿಮ್ಮೆ ಅಂತ ಕಾಗದದ ಕೆಳಗೆ ಕನ್ನಡದಲ್ಲಿ ಬರೆದು ಸಹಿ ಹಾಕಿದ. ಅಕ್ಕುತಾಯಿ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಸುಂದ್ರವ್ವ ಹೆಬ್ಬೆಟ್ಟು ಒತ್ತಿದಳು. ಗುಳಿಗೆಯ ಪೊಟ್ಟಣ ಮಗಳ ಕೈ ಸೇರಿತು. ತಾಯಿಯ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಅವಳು ಯಾರನ್ನೋ ಸುಮ್ಮಸುಮ್ಮನೆ ಬೈದಳು.

ಅಕ್ಕುತಾಯಿ ತಲೆಯ ಮುಲಾಮು ಒರೆಸಿಕೊಂಡು ರಜಿಸ್ಟರ್ ಮುಂದೆ ಕೂತಳು. ರಜಿಸ್ಟರಿನಲ್ಲಿ ಹೆಸರಿಲ್ಲ, ನಂಬರು ಮಾತ್ರ.

ಹತ್ತು ಗಂಟೆಗೆ ಊರು ಬರಲು ಶುರುವಾಯಿತು. ಯಾರೂ ಫಿಟ್ಸ್ ಅನ್ನಲಿಲ್ಲ. ಊರೊಳಗಿನ ಗಿರಿಜವ್ವ ಹರಿದ ಚಪ್ಪಲಿ ಹೊಲಿಸಲು ಬಂದಳು. ಹೋದ ವಾರವಷ್ಟೇ ಕೊಂಡ ಚಪ್ಪಲಿ, ಅದರ ಉಂಗುಟದ ಬಾರು ಕುಡುಗೋಲಿನಿಂದ ಕೊಯ್ದದ್ದು ಎದ್ದು ಕಾಣುತ್ತಿತ್ತು. ಒಬ್ಬ ಬಾರುಕೋಲಿಗೆ ಚರ್ಮ ಕೇಳಿಕೊಂಡು ಬಂದ. ಕಬ್ಬಿನ ಹೊಲದ ಲಗಮಣ್ಣ ಸೊಸೆಯ ಪಾದದ ಅಳತೆ ಕೊಡಲು ಬಂದ.

"ಪಾದದ ಅಳತಿಗೆ ಸೊಸಿ ಯಾಕ ತಲೀ ತೊಳಕೊಂಡು ಬಂದಾಳ, ಲಗಮಣ್ಣಾರ?" ಅಂದಳು ಸುಂದ್ರವ್ವ.

ಲಗಮಣ್ಣ ಬೇರೆಯವರ ಕಡೆ ನೋಡಿದ. ಎಲ್ಲರ ತಲೆಯೂ ತೊಳೆದದ್ದೇ. ಸೋಮವಾರದ ಹಗಲಿನಲ್ಲಿ, ಎಣ್ಣೆಯಿಲ್ಲದ ಇಷ್ಟೊಂದು ಕೂದಲು ಒಂದೇ ಕಡೆ ಗಾಳಿಗೆ ಹಾರಾಡುತ್ತಿದ್ದವು. ಮೊದಲು ನಕ್ಕವಳು ಗಿರಿಜವ್ವ. ಆಮೇಲೆ ಲಗಮಣ್ಣನ ಸೊಸೆ ಬಾಯಿಗೆ ಸೆರಗು ಹಿಡಿದಳು. ನಗು ಪಾಳಿಯ ತುದಿಯವರೆಗೆ ಹೋಯಿತು. ಇಷ್ಟು ವರ್ಷ ತಮ್ಮ ಮನೆಯಲ್ಲಿ ಮಾತ್ರ ಇದೆ ಅಂದುಕೊಂಡಿದ್ದ ಜಡ್ಡು ಎದುರು ಮನೆಯಲ್ಲೂ ಇತ್ತು ಅಂತ ಗೊತ್ತಾದ ನಗು ಅದು. ಗೋಣಿತಟ್ಟಿನ ಮೇಲೆ ಸರಿದು ಜಾಗ ಮಾಡಿಕೊಂಡು ಕೂತರು. ಬಿಸಿಲೇರಿದಾಗ ಒಬ್ಬಿಬ್ಬರು ಕೇರಿಯ ಕೊಡದ ನೀರು ಕುಡಿದರು. ಕುಡಿಯದವರು ಬಾಯಾರಿಕೊಂಡು ಕೂತರು. ಅದು ಅವರ ಪಾಡು.

ಮಧ್ಯಾಹ್ನ ಬಾಪುಸಾಹೇಬರು ಬಂದರು. ಹಿಂದೆ ಸತ್ತೆಪ್ಪ, ಅವನ ಹಿಂದೆ ತಲೆ ತುಂಬ ಸೆರಗು ಹೊದ್ದ ಸೋನಾಬಾಯಿ.

"ಕೀಲಿ ಮುರದವ ಯಾವಾ ಅವಾ?"

ಭರಮು ಎದ್ದು ನಿಂತ. "ನಾನ್ರಿ."

ಸುಂದ್ರವ್ವ ಪಾಟೀಲರ ಮುಖ ನೋಡಲಿಲ್ಲ, ತಲೆ ನೋಡಿದಳು. ದಿನಾ ಎಣ್ಣೆಯಲ್ಲಿ ಮಿಂಚುತ್ತಿದ್ದ ಕೂದಲು ಇವತ್ತು ಒಣಗಿದ ಜೋಳದ ಸೋಗೆಯಂತೆ ನೆಟ್ಟಗೆ ನಿಂತಿತ್ತು. ಹಿಂದೆ ನಿಂತ ಸೋನಾಬಾಯಿ ಅವಳ ಕಣ್ಣಿಗೆ ಕಣ್ಣು ಕೂಡಿಸಿದಳು. ತಿಕ್ಕಿ ತೊಳೆದವಳು ಆ ಹೆಂಗಸೇ.

"ಕೀಲೀದ ಮಾತು ಆಮ್ಯಾಲ ಆಡೂಣ್ರಿ ಪಾಟೀಲ್ರ," ಅಂದಳು ಸುಂದ್ರವ್ವ. "ಪಾಳಿ ಹಚ್ಚಾವ್ರೇನು?"

ಬಾಪುಸಾಹೇಬರ ದನಿ ಇಳಿಯಿತು. "ಮೊದಲ ನಂದು ಮುಗಸಾಕ ಹೇಳು. ಮತ್ತ ಬ್ಯಾರೆ ವೈರು ಹಚ್ಚಾಕ ಹೇಳು."

"ಇರೂದು ಒಂದ ಮಷಿನ್ರಿ. ಅದೇ ವೈರು. ನಿಮ್ಮದು ಹದಿನೇಳನೇ ನಂಬರು. ಕುಂದರ್ರಿ."

"ಎಲ್ಲಿ ಕುಂದರಲಿ?"

"ಎಲ್ಲಾರೂ ಕುಂತಲ್ಲಿ."

ಬಾಪುಸಾಹೇಬರು ಡಾಕ್ಟರನ ಕಡೆ ನೋಡಿದರು. ಡಾಕ್ಟರ ಈ ಸಲ ಕೆಲಸ ಬಿಟ್ಟು ತಲೆ ಎತ್ತಲಿಲ್ಲ. ಆಗ ಸೋನಾಬಾಯಿ ಮುಂದೆ ಬಂದಳು. ಹನ್ನೊಂದು ವರ್ಷ ಬೇಲಿಯಾಚೆಗೆ ಆಳು ಕಳಿಸಿದವಳು ಇಂದು ತಾನೇ ಬೇಲಿಯೊಳಗೆ ಬಂದು, ಗೋಣಿತಟ್ಟಿನ ಮೇಲೆ ಗಿರಿಜವ್ವನ ಪಕ್ಕ ಕೂತಳು. "ಕುಂದರ್ರಿ," ಅಂದಳು ಗಂಡನಿಗೆ. ಅವರು ಕೂತರು.

ಪಾಳಿ ಬರಲು ಎರಡು ತಾಸು ಹಿಡಿಯಿತು. ಬಾಪುಸಾಹೇಬರು ರಜಿಸ್ಟರಿನ ಮುಂದೆ ಬಂದಾಗ ಅಕ್ಕುತಾಯಿ ತಲೆ ತಗ್ಗಿಸಿ ಗೆರೆ ಎಳೆಯುತ್ತಿದ್ದಳು. ಸುಟ್ಟ ಕೈಯಲ್ಲಿ ಪೆನ್ನು.

"ಎಷ್ಟು ವರ್ಷದಿಂದ ಐತ್ರಿ?"

"ಹನ್ನೊಂದು."

"ತಿಂಗಳಿಗೆ ಎಷ್ಟು ಸಲ?"

"ಎರಡು. ಒಮ್ಮೊಮ್ಮೆ ಮೂರು."

"ಬಂದಾಗ ಮನ್ಯಾಗ ಏನ ಮಾಡತಾರ್ರಿ?"

ಬಾಪುಸಾಹೇಬರು ಆ ಕಡೆ ಈ ಕಡೆ ನೋಡಿದರು. ಪಾಳಿಯಲ್ಲಿ ಕೂತವರು ತಮ್ಮ ತಮ್ಮ ಕಾಲ್ಬೆರಳು ನೋಡುತ್ತಿದ್ದರು.

"ಚಪ್ಪಲಿ ಹಿಡೀತಾರ. ಮೂಗಿಗೆ."

"ಯಾರ ಚಪ್ಪಲಿ?"

"ಅದೂ ಕೇಳ್ಯಾರೇನು ಆ ಕಾಗದದಾಗ?"

"ಇಲ್ರಿ," ಅಂದಳು ಅಕ್ಕುತಾಯಿ. ತಲೆ ಎತ್ತಿ ಅವರ ಮುಖವನ್ನು ನೇರ ನೋಡಿದಳು. "ನಾ ಕೇಳಾಕತ್ತೇನಿ."

ಬಾಪುಸಾಹೇಬರು ಸೋನಾಬಾಯಿಯ ಕಡೆ ತಿರುಗಿದರು, ಅವಳು ಹೇಳ್ರಿ ಅನ್ನುವಂತೆ ಗೋಣು ಆಡಿಸಿದಳು.

"ನಿಮ್ಮ ಮನೀದು," ಅಂದರು ಬಾಪುಸಾಹೇಬರು. ಆಮೇಲೆ, ಮೊದಲ ಸಲ ಕೇರಿಯ ಹುಡುಗಿಯೊಬ್ಬಳನ್ನು ಬೇಡುವ ದನಿಯಲ್ಲಿ, "ಬರೀಬ್ಯಾಡವಾ ಅದನ್ನ," ಅಂದರು.

"ಆಗ್ಲೇ ಬರದೇನ್ರಿ," ಅಂದಳು ಅಕ್ಕುತಾಯಿ. "ಹಲಗಿ ಮ್ಯಾಲ ಮಲಗ್ರಿ. ಮುಂದಿನವ್ರು ಬರ್ರಿ."